ಮಾದಣ್ಣನ ಮೂರು ಕೂಗು

ಸಂಜೆ ಆರೂಕಾಲಾದರೆ ಸಾಕು, ನನ್ನ ಗಂಟಲು ಕೆರೆಯುತ್ತದೆ. ಗಡಿಯಾರ ನೋಡಬೇಕಾಗಿಲ್ಲ. ಮೊನ್ನೆ ಯಾರದೋ ಆರತಕ್ಷತೆಯಲ್ಲಿ ಮುಯ್ಯಿ ಕವರು ಹಿಡಿದು ಸಾಲಿನಲ್ಲಿ ನಿಂತಿದ್ದೆ, ಕೆರೆಯಿತು. ಕೆಮ್ಮಿದೆ. ಮುಂದೆ ನಿಂತಿದ್ದ ಹೆಂಗಸು ತಿರುಗಿ ನೋಡಿ, ಪಾಪ ಅನ್ನಿಸಿರಬೇಕು, ಬ್ಯಾಗಿನಿಂದ ಶುಂಠಿ ಪೆಪ್ಪರಮೆಂಟು ತೆಗೆದುಕೊಟ್ಟರು. ಚಪ್ಪರಿಸುತ್ತಾ ನಿಂತೆ. ಆದರೆ ಅದು ಪೆಪ್ಪರಮೆಂಟಿಗೆ ಬಗ್ಗುವ ಕೆರೆತವಲ್ಲ. ಅದರ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮ್ಮಿಷ್ಟ. ಮಿಮಿಕ್ರಿ ಮಾಡುವವನ ಮಾತನ್ನು ಅರ್ಧಕ್ಕಿಂತ ಹೆಚ್ಚು ನಂಬಬಾರದು ಅಂತ ನನ್ನ ಹೆತ್ತವ್ವನೇ ಹೇಳುತ್ತಾಳೆ.

ನನ್ನ ಗಂಟಲು ಒಂಥರಾ ಬಾಡಿಗೆ ಮನೆ. ಯಾರು ಬೇಕಾದರೂ ಬಂದು ನಾಲ್ಕು ದಿನ ಇದ್ದು ಹೋಗಬಹುದು. ಕುದೇರಿನಲ್ಲಿ ಅಜ್ಜಿಯ ಮನೆಯಲ್ಲಿದ್ದಾಗ ಪಕ್ಕದ ಮನೆಯ ಪುಟ್ಟಮಾದಮ್ಮ ತನ್ನ ಎಮ್ಮೆಯನ್ನು ಕರೆಯುವ ದನಿ ಕಲಿತುಬಿಟ್ಟಿದ್ದೆ. ಒಂದು ಸಂಜೆ ನಮ್ಮ ಹಿತ್ತಿಲಿನಿಂದ ಹಾಗೇ ಕರೆದೆ. ಎಮ್ಮೆ ನೇರ ನಮ್ಮ ಹಿತ್ತಿಲಿಗೆ ಬಂತು. ನನ್ನನ್ನು ನೋಡಿತು, ಅತ್ತಿತ್ತ ನೋಡಿತು, ಮತ್ತೆ ನನ್ನನ್ನು ನೋಡಿತು. ದನಿ ಇದೆ, ಒಡತಿ ಇಲ್ಲ. ಎಮ್ಮೆಯ ಮುಖದಲ್ಲಿ ಅಷ್ಟು ಭಯ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಗ್ಗ ಕಿತ್ತ ಹಾಗೆ ಓಡಿಹೋಯಿತು. ಅಜ್ಜಿ ಬಂದು ಬೆನ್ನಿಗೆ ಒಂದು ಬಿಟ್ಟಳು.

"ಮುಸ್ಸಂಜೆಲಿ ಇನ್ನೊಬ್ರ ದನಿ ತಗದು ಕೂಗ್ಬ್ಯಾಡ ಕಣ್ಲಾ. ಮನುಸ್ರಾದೋರು ಮೂರು ಸಲ ಕೂಗ್ತಾರೆ. ಮಿಕ್ಕಿದ್ದು ಒಂದೇ ಸಲ ಕೂಗ್ತದೆ. ಅದ್ಕೇ ಮೂರ್ನೇ ಸಲ ಕೂಗೋಗಂಟ ಓ ಅನ್ಬಾರ್ದು."

"ಮಿಕ್ಕಿದ್ದು ಅಂದ್ರೇನಜ್ಜಿ?"

"ಮಿಕ್ಕಿದ್ದು ಅಂದ್ರೆ ಮಿಕ್ಕಿದ್ದು. ಉಣ್ಣೋಗು."

ಇದು ನಮ್ಮಜ್ಜಿಯೊಬ್ಬಳ ಶಾಸ್ತ್ರ ಅಂದುಕೊಂಡಿದ್ದೆ. ಚಾಮರಾಜನಗರಕ್ಕೆ ಬಂದ ಮೇಲೆ ಗೊತ್ತಾಯಿತು, ನಮ್ಮ ಕಡೆಯವರೆಲ್ಲ ಹೀಗೇ. ಹೊತ್ತು ಮುಳುಗುವಾಗ ಒಂದು ಕೂಗಿಗೆ ಯಾರೂ ಕತ್ತು ತಿರುಗಿಸುವುದಿಲ್ಲ. ಕಿವುಡರಲ್ಲ, ಕಾಯುತ್ತಿರುತ್ತಾರೆ ಅಷ್ಟೆ. ಬಿಎ ಓದಿದವರೂ, ಬ್ಯಾಂಕಿನಲ್ಲಿರುವವರೂ. ಕೇಳಿದರೆ "ಏ, ಅದೆಲ್ಲ ಯಾರು ನಂಬ್ತಾರೆ" ಅನ್ನುತ್ತಾರೆ. ಅದನ್ನೂ ಮೂರನೇ ಸಲ ಕೇಳಿದ ಮೇಲೆ.

ನಾನು ಮಾಡುವ ಕೆಲಸವೂ ಕೂಗುವುದೇ. ನಿಮ್ಮ ಬೀದಿಗೆ ತರಕಾರಿ ಗೂಡ್ಸ್ ಆಟೋ ಬಂದಾಗ ಮೈಕಿನೊಳಗಿಂದ ಒಬ್ಬ "ಈರುಳ್ಳಿ, ಈರುಳ್ಳಿ, ಗುಂಡ್ಲುಪೇಟೆ ಈರುಳ್ಳಿ" ಅಂತ ಬಡಕೊಳ್ಳುತ್ತಾನಲ್ಲ, ಅದು ನಾನು. ಆಟೋದಲ್ಲಿ ನಾನಿರುವುದಿಲ್ಲ. ನನ್ನ ಗೆಳೆಯ ಸಾದಿಕ್ ಓಡಿಸುತ್ತಿರುತ್ತಾನೆ, ನನ್ನ ದನಿ ಪೆನ್‌ಡ್ರೈವಿನಲ್ಲಿರುತ್ತದೆ. ನಾನು ಮನೆಯಲ್ಲಿ ಮಲಗಿರುವಾಗ ನಾನೇ ಬೀದಿಯಲ್ಲಿ ಕೂಗುತ್ತಾ ಹೋಗುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಮೊದಮೊದಲು ನಗು ಬರುತ್ತಿತ್ತು.

ಈಗ ಪಾರ್ಕಿಗೆ ಬರೋಣ. ಊರಂಚಿನಲ್ಲಿದೆ. ನಡೆಯುವವರಿಗೆ ಒಂದು ಹೊರಸುತ್ತು, ಒಂದು ಒಳಸುತ್ತು, ಇವೆರಡರ ನಡುವೆ ಬಿದಿರು ಮೆಳೆಯ ಕಾಲುದಾರಿ. ಗೇಟಿನ ಪಕ್ಕ ನಿಯಮಗಳ ಫಲಕ. ಬಲಗಡೆಯಿಂದಲೇ ಸುತ್ತಬೇಕು, ಹೂ ಕೀಳಬಾರದು, ಹುಲ್ಲು ತುಳಿಯಬಾರದು, ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಬಾರದು, ಆರೂವರೆಗೆ ಹೊರಡಬೇಕು. ಇದನ್ನು ಬರೆಸಿದವರಿಗೆ ನಮ್ಮ ಜನರ ಬಗ್ಗೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ, ಯಾಕೆಂದರೆ ಅಲ್ಲಿ ಬರೆದಿರುವುದನ್ನೆಲ್ಲ ಜನ ಬರೆದಿರುವ ಕ್ರಮದಲ್ಲೇ ಮುರಿಯುತ್ತಿದ್ದರು. ರಿಟೈರಾದ ಮೇಷ್ಟ್ರೊಬ್ಬರು ದಿನಾ ಎಡದಿಂದ ಸುತ್ತುತ್ತಿದ್ದರು. ಎಲ್ಲರ ಮುಖ ನೋಡಲು ಅದೇ ಅನುಕೂಲವಂತೆ. ಹೆಣಕ್ಕೆ ಅಪ್ರದಕ್ಷಿಣೆ ಹಾಕುವ ಹಾಗೆ ಸುತ್ತುತ್ತಾರಲ್ಲಪ್ಪಾ ಅಂತ ಹಿಂದೆ ಆಡಿಕೊಳ್ಳುತ್ತಿದ್ದರೇ ಹೊರತು ಎದುರಾದಾಗ ಎಲ್ಲರೂ "ನಮಸ್ಕಾರ ಸಾರ್". ಪದ್ಮಮ್ಮನವರು ಸೊಂಟಕ್ಕೆ ಪ್ಲಾಸ್ಟಿಕ್ ಕವರು ಸಿಕ್ಕಿಸಿ ಮೇಲೆ ಸ್ವೆಟರು ಹಾಕಿ ಬರುತ್ತಿದ್ದರು. ಬರುವಾಗ ತೆಳ್ಳಗೆ, ಹೋಗುವಾಗ ಐದು ತಿಂಗಳ ಬಸುರಿ, ಒಳಗೆಲ್ಲ ದಾಸವಾಳ. ನಾನೇನು ಕಡಿಮೆಯೇ? ಚುರುಮುರಿ ತಿಂದು ಕಾಗದವನ್ನು ಚಿಕ್ಕದಾಗಿ ಮಡಿಸಿ, ಬಹಳ ಮರ್ಯಾದೆಯಿಂದ ಬೆಂಚಿನ ಸಂದಿಗೆ ತುರುಕುತ್ತಿದ್ದೆ.

ಈ ಎಲ್ಲರನ್ನೂ ಹದ್ದುಬಸ್ತಿನಲ್ಲಿಟ್ಟಿದ್ದವನು ವಾಚ್‌ಮನ್ ಮಾದಣ್ಣ. ಗುತ್ತಿಗೆ ನೌಕರ, ಐವತ್ತು ದಾಟಿದವನು, ಕಡ್ಡಿ ಆಳು, ಆದರೆ ಗಂಟಲು ಮಾತ್ರ ಕಂಚು. ಆರೂಕಾಲಿಗೆ ಗೇಟಿನ ಹತ್ತಿರ ನಿಂತು ಶುರುಮಾಡುತ್ತಿದ್ದ. ಮುಸ್ಸಂಜೆಯಲ್ಲಿ ಹೆಸರು ಹಿಡಿದು ಕೂಗುವುದು ಸರಿಯಲ್ಲ ಅಂತ ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ. "ಹಸ್ರು ಸ್ವೆಟರ್ ಅಮ್ಮಾ, ಮೊಗ್ಗಾದ್ರೂ ಬುಡಿ, ಹೊತ್ತಾಯ್ತು." "ಬಿಳಿ ಬೂಟು ಮೇಷ್ಟ್ರೇ, ತಿರುಕ್ಕೊಳಿ, ಹೊತ್ತಾಯ್ತು." ಒಬ್ಬೊಬ್ಬರಿಗೂ ಮೂರು ಮೂರು ಸಲ. ಮೊದಲನೆಯದಕ್ಕೆ ಯಾರೂ ಅಲುಗುತ್ತಿರಲಿಲ್ಲ, ಎರಡನೆಯದಕ್ಕೆ ಚಪ್ಪಲಿ ಹುಡುಕುತ್ತಿದ್ದರು, ಮೂರನೆಯದಕ್ಕೆ ಏಳುತ್ತಿದ್ದರು.

ಬಿದಿರು ಮೆಳೆಯ ಹಿಂದೆ ನಿಂತು ಆ ದನಿಯನ್ನು ನಾನು ತೆಗೆಯುತ್ತಿದ್ದೆ. ಐದೂವರೆಗೇ "ಹೊತ್ತಾಯ್ತು" ಅಂದುಬಿಡುತ್ತಿದ್ದೆ. ಜನ ಎದ್ದು ಗೇಟಿಗೆ ಹೋದರೆ ಅಲ್ಲಿ ಮಾದಣ್ಣ ಆರಾಮಾಗಿ ಟೀ ಕುಡಿಯುತ್ತಿರುತ್ತಿದ್ದ. ಒಂದು ದಿನ ಕಿವಿ ಹಿಡಿದು ಎಳೆದು ತಂದ. "ಅಲ್ಲ ಕಣ್ಲಾ, ನನ್ನ ಸಂಬ್ಳದಲ್ಲೂ ಅರ್ಧ ತಗಂಡುಬುಡು" ಅಂದವನು ನಕ್ಕುಬಿಟ್ಟ.

ಆಮೇಲೊಮ್ಮೆ ಮಾದಣ್ಣ ಒಂದು ವಾರ ಕಾಣಲಿಲ್ಲ. ಬಂದಾಗ ಕೊರಳಿಗೆ ಮಫ್ಲರು, ಕೈಯಲ್ಲಿ ಮಕ್ಕಳ ಸ್ಲೇಟು. ನನ್ನನ್ನು ಬಿದಿರಿನ ಹಿಂದಕ್ಕೆ ಕರೆದುಕೊಂಡು ಹೋಗಿ ಬಳಪದಲ್ಲಿ ಬರೆದ. ಗಂಟಲಲ್ಲಿ ಗಂಟು, ಮೈಸೂರಲ್ಲಿ ಕುಯ್ದಿದ್ದಾರೆ, ಎರಡು ತಿಂಗಳು ಒಂದು ಮಾತೂ ಆಡಬಾರದು. ಸೀಟಿ ಇರಲಿಲ್ಲವೇ ಅಂತ ನೀವು ಕೇಳಬಹುದು. ದಮ್ಮು ಕಟ್ಟಿ ಏನನ್ನೂ ಊದಬಾರದು ಅಂತಲೂ ಡಾಕ್ಟರು ಹೇಳಿದ್ದರು. ಇನ್ನು ಎರಡು ತಿಂಗಳು ರಜ ಹಾಕಿದರೆ ಗುತ್ತಿಗೆಯವರು ಬೇರೆ ಆಳು ತರುತ್ತಾರೆ. ಕೆಲಸ ಹೋದರೆ ಇಎಸ್‌ಐ ಕಾರ್ಡು ಹೋಗುತ್ತದೆ, ಕಾರ್ಡು ಹೋದರೆ ಮುಂದಿನ ಚಿಕಿತ್ಸೆ ಹೋಗುತ್ತದೆ, ಚಿಕಿತ್ಸೆ ಹೋದರೆ ಗಂಟಲೇ ಹೋಗುತ್ತದೆ. ಸ್ಲೇಟು ಒರೆಸಿ ಕೊನೆಗೆ ಬರೆದ: "ಆಟಕ್ಕೆ ಕೂಗ್ತಿದ್ಯಲ್ಲ. ಈಗ ನಿಜಕ್ಕೆ ಕೂಗು ಕಣ್ಲಾ."

ರೆಕಾರ್ಡು ಮಾಡಿ ಹಾಕೋಣ ಅಂದೆ, ನನ್ನ ಕಸುಬೇ ಅದಲ್ಲವೇ. ಮಾದಣ್ಣ ತಲೆ ಅಲ್ಲಾಡಿಸಿದ. ಹಸಿರು ಸ್ವೆಟರಿನ ಪದ್ಮಮ್ಮ ನಾಳೆ ಕೆಂಪು ಸ್ವೆಟರಿನಲ್ಲಿ ಬಂದರೆ? ಆಳು ನೋಡಿ ಕೂಗಬೇಕು.

ಹಾಗೆ ಶುರುವಾಯಿತು. ಮಾದಣ್ಣ ಗೇಟಿನಲ್ಲಿ ನಿಂತು ಕೈ ಬೀಸಿ ಬಾಯಿ ಆಡಿಸುವುದು, ನಾನು ಬಿದಿರಿನ ಹಿಂದೆ ದನಿ ಹೊರಡಿಸುವುದು. ಮಾದಣ್ಣ ಹಗಲೆಲ್ಲ ಮಾತಾಡದೆ ಇರುವುದಕ್ಕೆ ಜನರೇ ಕಾರಣ ಹುಡುಕಿಕೊಂಡರು. ಬೆಟ್ಟದ ಮಾದಪ್ಪನಿಗೆ ಹರಕೆಯಂತೆ, ಹಗಲು ಮೌನವಂತೆ, ಸಂಜೆ ಡ್ಯೂಟಿಗೆ ಮಾತ್ರ ಬಾಯಿ ಬಿಡುತ್ತಾನಂತೆ. ಇದೇನು ಚೆನ್ನಾಗಿದೆಯಲ್ಲ ಅಂತ ನಾವಿಬ್ಬರೂ ಸುಮ್ಮನಾದೆವು.

ಆದರೆ ದನಿ ಒಂದು ಕಡೆ, ಆಳು ಒಂದು ಕಡೆ. ಕಣ್ಣಿಗೆ ಗೊತ್ತಾಗದಿದ್ದರೂ ಕಿವಿಗೆ ಗೊತ್ತಾಗುತ್ತದೆ. ಗೇಟಿನ ಕಡೆ ನೋಡುತ್ತಿದ್ದವರು ಕೂಗು ಕೇಳಿದ ಕೂಡಲೇ ತಮಗೇ ತಿಳಿಯದೆ ಬೆನ್ನ ಹಿಂದೆ ನೋಡುತ್ತಿದ್ದರು. ಮಕ್ಕಳು ಅಮ್ಮಂದಿರ ಸೆರಗು ಹಿಡಿಯುತ್ತಿದ್ದವು. ಒಂದು ವಾರದಲ್ಲಿ ಮೇಷ್ಟ್ರು ಬಲದಿಂದ ಸುತ್ತತೊಡಗಿದರು. ಮೊಬೈಲುಗಳು ಸುಮ್ಮನಾದವು. ಹುಲ್ಲಿನ ಮೇಲೆ ಒಂದು ಹೆಜ್ಜೆ ಇಲ್ಲ. ಬೆಂಚಿನ ಸಂದಿಯಲ್ಲಿ ಕಾಗದವಿಲ್ಲ, ನನ್ನದೂ ಇಲ್ಲ. ನಲವತ್ತು ಐವತ್ತು ಜನ ಒಂದೇ ದಿಕ್ಕಿಗೆ, ಮಾತಿಲ್ಲದೆ, ಚಪ್ಪಲಿ ಸದ್ದಷ್ಟೇ ಮಾಡುತ್ತಾ ಸುತ್ತುತ್ತಿದ್ದರು.

ಪದ್ಮಮ್ಮ ಹೂ ಕೀಳುವುದು ನಿಲ್ಲಿಸಲಿಲ್ಲ. ಆದರೆ ಕಿತ್ತದ್ದನ್ನು ತಂದು ಬಿದಿರು ಮೆಳೆಯ ಬುಡದಲ್ಲಿ ಇಟ್ಟು, ಕೈ ಮುಗಿದು ಹೋಗತೊಡಗಿದರು. ನಾನು ಒಂದು ಮಾರು ದೂರದಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಒಂದು ದಿನ ಕುಂಕುಮ ಹಚ್ಚಿದ ನಿಂಬೆಹಣ್ಣೂ ಬಂತು. ಬದುಕಿರುವಾಗಲೇ ಇಂಥ ಮರ್ಯಾದೆ ನಮ್ಮ ವಂಶದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಆ ನಿಂಬೆಹಣ್ಣನ್ನು ಮನೆಗೆ ಒಯ್ದು ಚಿತ್ರಾನ್ನಕ್ಕೆ ಹಿಂಡಿಸಲೇ ಅಂತ ಯೋಚಿಸಿ, ಕೈ ಬರದೆ ಬಿಟ್ಟೆ.

ಮಾದಣ್ಣ ಮಾತ್ರ ನನ್ನನ್ನು ಮೆಚ್ಚಲಿಲ್ಲ. ದಿನಾ ಗೇಟು ಹಾಕಿದ ಮೇಲೆ ಸ್ಲೇಟಿನಲ್ಲಿ ಮಾರ್ಕು. "ಉಸ್ರು ಬ್ಯಾಗ ಬುಡ್ತೀಯ." "ಕೊನೇಲಿ ಎಳೀಬ್ಯಾಡ." ಒಂದು ದಿನ ಬರೆದ: "ಇವತ್ತು ಸಿಟ್ಟು ಜಾಸ್ತಿ ಆಯ್ತು. ನಾನು ಬೈಯಲ್ಲ ಕಣ್ಲಾ. ಕರೀತೀನಿ."

ಮಿಮಿಕ್ರಿಯವನಿಗೆ ಇದಕ್ಕಿಂತ ಅವಮಾನ ಬೇಕೇ. ಜಿದ್ದಿಗೆ ಬಿದ್ದೆ. ಮನೆಯಲ್ಲಿ, ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಅದೇ ಅಭ್ಯಾಸ. ಒಂದು ರಾತ್ರಿ ಊಟಕ್ಕೆ ಕೂತು "ಅವ್ವಾ, ಇನ್ನೊಸಿ ಸಾರು ಬುಡು" ಅಂದೆ. ಅವ್ವ ಸೌಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಯಾರ್ಲಾ ಅದು ಕೇಳಿದ್ದು?"

"ನಾನೇ ಕಣವ್ವ."

"ನಿನ್ನ ದನಿಲಿ ಕೇಳು, ಬುಡ್ತೀನಿ."

ನಾನು ನನ್ನ ದನಿ ತೆಗೆಯಲು ಹೋದೆ. ಸಿಕ್ಕಲಿಲ್ಲ. ಎರಡು ಸಲ ಕೆಮ್ಮಿ, ನೀರು ಕುಡಿದು, ಹುಡುಕಿ ತಂದು ಸಾರು ಕೇಳಿದೆ. ಅವ್ವ ಬಡಿಸಿದಳು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಗುತ್ತಿಗೆಯವರಿಗೆ ಫೋನು ಮಾಡಿದರು. ನಿಮ್ಮ ವಾಚ್‌ಮನ್ ಮೂಗನಾಗಿದ್ದಾನೆ, ಬಂದು ನೋಡಿ ಅಂತ. ಶುಕ್ರವಾರ ಸಂಜೆ ಸೂಪರ್‌ವೈಸರ್ ಬಂದು ಕಣ್ಣಾರೆ ನೋಡುವುದೆಂದಾಯಿತು. ಮಾದಣ್ಣ ಕೂಗಿದರೆ ಸರಿ, ಇಲ್ಲದಿದ್ದರೆ ಶನಿವಾರದಿಂದ ಬೇರೆ ಆಳು. ಮಾದಣ್ಣ ಸ್ಲೇಟಿನ ತುಂಬ ಒಂದೇ ಪದ ಬರೆದು ತೋರಿಸಿದ: "ಶುಕ್ರವಾರ." ಅದನ್ನು ಒರೆಸದೆ ಹಾಗೇ ಇಟ್ಟುಕೊಂಡ.

ಆ ಶುಕ್ರವಾರ ನಾನು ಗುಂಡ್ಲುಪೇಟೆಗೆ ಹೋಗಿದ್ದೆ. ಯಾಕೆ ಹೋದೆ ಅಂತ ಇವತ್ತೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಈರುಳ್ಳಿ ರೇಟು ಬದಲಾಗಿದೆ, ಮಂಡಿಯಲ್ಲೇ ಹೊಸದಾಗಿ ರೆಕಾರ್ಡು ಮಾಡಿಕೊಡು, ಎರಡು ಗಂಟೆಗೆಲ್ಲ ವಾಪಸು ಅಂತ ಸಾದಿಕ್ ಕರೆದೊಯ್ದಿದ್ದ. ಹೊರಟಾಗ ನಾಲ್ಕೂವರೆ. ತೆರಕಣಾಂಬಿ ದಾಟಿ ಒಂದಿಷ್ಟು ದೂರ ಬಂದೆವು, ಈರುಳ್ಳಿ ಲಾರಿಯೊಂದು ರಸ್ತೆಗೆ ಅಡ್ಡ ಮಗುಚಿತ್ತು. ಹಿಂದೆ ಮುಂದೆ ವಾಹನಗಳು. ರಸ್ತೆ ತುಂಬ ಈರುಳ್ಳಿ, ಈರುಳ್ಳಿಯ ತುಂಬ ಜನ. ಗೂಡ್ಸ್ ಆಟೋ ಇರಲಿ, ಸೈಕಲ್ಲೂ ನುಗ್ಗುವ ಹಾಗಿರಲಿಲ್ಲ.

"ಇಳಿದು ಓಡ್ಲಾ?" ಅಂದೆ.

"ಓಡು. ನಾಳೆ ಬೆಳಿಗ್ಗೆ ಸೇರ್ಕೊತೀಯ" ಅಂದ ಸಾದಿಕ್.

ಐದೂಮುಕ್ಕಾಲು ಆಯಿತು. ಆರಾಯಿತು. ಸೂರ್ಯ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ಇಳಿದು ಹೋದ. ಮಾದಣ್ಣ ಗೇಟಿನಲ್ಲಿ ಬಾಯಿ ಆಡಿಸುತ್ತಾ ನಿಂತಿರುವುದು, ಬಿದಿರಿನ ಹಿಂದೆ ಯಾರೂ ಇಲ್ಲದಿರುವುದು, ಸೂಪರ್‌ವೈಸರ್ ಅವನ ಬಾಯನ್ನೇ ನೋಡುತ್ತಿರುವುದು, ಎಲ್ಲ ಕಣ್ಣಿಗೆ ಕಟ್ಟಿತು. ಫೋನಾದರೂ ಮಾಡೋಣ, ಹುಷಾರಿಲ್ಲ ಅಂತ ಸ್ಲೇಟು ತೋರಿಸಿ ಮನೆಗೆ ಹೋಗಿಬಿಡು ಅನ್ನೋಣ ಅಂತ ಮಾದಣ್ಣನ ನಂಬರು ಒತ್ತಿದೆ. ಆರೂಕಾಲಿಗೆ ಸರಿಯಾಗಿ ಆ ಕಡೆ ಎತ್ತಿದ ಸದ್ದಾಯಿತು.

ಬಾಯಿ ತೆರೆದೆ. ಏನೂ ಬರಲಿಲ್ಲ.

ಗಂಟಲು ಕಟ್ಟಿದ್ದಲ್ಲ. ಕಟ್ಟಿದ ಗಂಟಲು ನನಗೆ ಗೊತ್ತು, ಕರಕರ ಅನ್ನುತ್ತದೆ. ಇದು ಖಾಲಿ. ಬಾಡಿಗೆಯವರು ಪಾತ್ರೆ ಪಗಡೆ ಎಲ್ಲ ಎತ್ತಿಕೊಂಡು ಹೋದ ಮೇಲೆ ಮನೆ ಇರುತ್ತದಲ್ಲ, ಹಾಗೆ. ಮಾದಣ್ಣ ಅಂತ ಎಷ್ಟು ಸಲ ಅಂದೆನೋ, ಗಾಳಿ ಮಾತ್ರ ಬಂತು. ಆ ಕಡೆ ಮಾತಾಡಲಾರದ ಮಾದಣ್ಣ. ಈ ಕಡೆ ನಾನು. ಒಬ್ಬರ ಉಸಿರನ್ನು ಒಬ್ಬರು ಕೇಳುತ್ತಾ ಇದ್ದೆವು. ಆಗ ಫೋನಿನೊಳಗೆ, ಅವನ ಉಸಿರಿನ ಹಿಂದೆ, ದೂರದಿಂದ ಕೇಳಿಸಿತು.

"ಹಸ್ರು ಸ್ವೆಟರ್ ಅಮ್ಮಾ, ಹೊತ್ತಾಯ್ತು."

ಮಾದಣ್ಣನ ದನಿ. ಎಳೆತವಿಲ್ಲ, ಸಿಟ್ಟಿಲ್ಲ. ಮೊಮ್ಮಗಳನ್ನು ಆಟದಿಂದ ಕರೆದ ಹಾಗೆ. ನಾನು ಎರಡನೆಯ ಕೂಗಿಗೆ ಕಾದೆ. ಬರಲಿಲ್ಲ.

"ಬಿಳಿ ಬೂಟು ಮೇಷ್ಟ್ರೇ, ಹೊತ್ತಾಯ್ತು."

ಒಂದೇ ಸಲ. ಆಮೇಲೆ ಚಪ್ಪಲಿಗಳ ಸದ್ದು, ತುಂಬಾ ಚಪ್ಪಲಿಗಳು, ಒಟ್ಟಿಗೆ.

"ಸಿಗರೇಟು ಸಾಹೇಬ್ರೇ, ಅದ ಆರ್ಸಿ ಒಳಕ್ ಬನ್ನಿ."

ಫೋನು ಕಟ್ಟಾಯಿತು. ಸಾದಿಕ್ ನನ್ನ ಮುಖ ನೋಡಿ, "ಏನಾಯ್ತ್ಲಾ, ಮಾತಾಡು" ಅಂದ. ಬಾಯಿ ತೋರಿಸಿ ಕೈ ಅಲ್ಲಾಡಿಸಿದೆ. ಅವನು ನಗತೊಡಗಿದ. "ಬಾ ಬಾ, ಇದು ಹೊಸಾ ಐಟಮ್ಮಾ? ಚೆನ್ನಾಗದೆ." ಆಟ ಆಡಿಸುತ್ತಿದ್ದೇನೆ ಅಂದುಕೊಂಡಿದ್ದ. ಜೀವಮಾನವೆಲ್ಲ ಎಲ್ಲರನ್ನೂ ಆಟ ಆಡಿಸಿದವನಿಗೆ ನಿಜವಾಗಿ ಏನಾದರೂ ಆದರೆ ಗತಿ ಇದೇ. ಆರೂವರೆ ದಾಟಿದ ಮೇಲೆ ಗಂಟಲು ಕೆರೆಯಿತು. ಕೆಮ್ಮಿದೆ. ಕೆಮ್ಮಿಗೆ ಸದ್ದಿತ್ತು. ನನ್ನದೇ ಸದ್ದು. ಅದನ್ನು ಕೇಳಿ ಅಳು ಬಂತು. ಸಾದಿಕ್ ಅದನ್ನೂ ಐಟಮ್ಮು ಅಂದುಕೊಂಡ.

ಮಾರನೆಯ ಬೆಳಿಗ್ಗೆ ಪಾರ್ಕಿಗೆ ಓಡಿದೆ. ಗೇಟಿನಲ್ಲಿ ಪದ್ಮಮ್ಮ ಸಿಕ್ಕಿದರು.

"ಏನಮ್ಮಾ, ನೆನ್ನೆ ಯಾರೋ ಸಾಹೇಬ್ರು ಬಂದಿದ್ರಂತೆ?" ಅಂತ ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ.

"ಬಂದಿದ್ದ. ಸಿಗರೇಟು ಸೇದ್ಕೊಂಡೇ ಬಂದ. ನಮ್ಮ ಮಾದಣ್ಣ ಬುಡ್ತಾನಾ, ಅವನ್ನೂ ಕೂಗ್ಬುಟ್ಟ. ಆವಯ್ಯ ಬೆಳ್ಳಗಾಗೋಗಿ ಸಿಗರೇಟು ಬಿಸಾಕಿ, ಅದೇನೋ ಕಾಗ್ದಕ್ಕೆ ಸೈನ್ ಹಾಕಿ ಹೊಂಟೋದ." ಪದ್ಮಮ್ಮ ಸುತ್ತ ನೋಡಿ ದನಿ ತಗ್ಗಿಸಿದರು. "ಅದಿರ್ಲಿ ಕಣಪ್ಪ, ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ನೆನ್ನೆ ಒಂದೊಂದೇ ಸಲ ಕೂಗ್ದ. ನಾನು ಅಷ್ಟಕ್ಕೇ ಓ ಅಂದು ಎದ್ದುಬುಟ್ಟೆ. ಎಲ್ಲಾರೂವೆ. ಯಾಕೆ ಹಂಗ್ ಮಾಡ್ದೊ ಗೊತ್ತಿಲ್ಲ."

ಅಂದ ಹಾಗೆ ಅವರು ಆ ದಿನ ಒಂದು ಹೂವನ್ನೂ ಕಿತ್ತಿರಲಿಲ್ಲ.

ಮಾದಣ್ಣ ತನ್ನ ಕೋಣೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅಷ್ಟು ಸಂತೋಷದ ಮುಖವನ್ನು ನಾನು ಆ ಕೊರಳಿನ ಮೇಲೆ ನೋಡಿರಲಿಲ್ಲ. ಜೇಬಿನಿಂದ ಇಎಸ್‌ಐ ಕಾರ್ಡು ತೆಗೆದು ತೋರಿಸಿ ಮತ್ತೆ ಇಟ್ಟುಕೊಂಡ. ನನಗೆ ಟೀ ತರಿಸಿದ. ಸ್ಲೇಟಿನಲ್ಲಿದ್ದ ಶುಕ್ರವಾರವನ್ನು ತೋಳಿನಿಂದ ಒರೆಸಿ ಬರೆದ.

"ಕೂಗೋವಾಗ ಫೋನ್ ಯಾಕ್ ಮಾಡ್ದೆ? ಜೇಬಲ್ಲಿ ಒತ್ತೋಯ್ತಾ?"

ನಾನು ಹೌದು ಅಂತ ತಲೆಯಾಡಿಸಿದೆ. ನಾನು ಅಲ್ಲಿರಲಿಲ್ಲ ಮಾದಣ್ಣ, ತೆರಕಣಾಂಬಿ ಹತ್ತಿರ ಈರುಳ್ಳಿ ಮಧ್ಯೆ ಕೂತಿದ್ದೆ ಅಂತ ಹೇಳಬೇಕೆಂದೇ ಬಂದಿದ್ದೆ. ಆದರೆ ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಅವನು ಅದೇ ಗೇಟಿನಲ್ಲಿ, ಅದೇ ಸಂಜೆಯಲ್ಲಿ, ಬಾಯಿ ಆಡಿಸುತ್ತಾ ಒಬ್ಬನೇ ನಿಲ್ಲಬೇಕು. ಹೇಳಿದರೆ ನಿಲ್ಲುತ್ತಾನೆಯೇ? ಟೀ ಕುಡಿದೆ.

ಮಾದಣ್ಣ ಒರೆಸಿ ಮತ್ತೆ ಬರೆದ. ಈ ಸಲ ನಿಧಾನವಾಗಿ, ಅಕ್ಷರ ದುಂಡಗೆ ಮಾಡಿ.

"ನೆನ್ನೆ ಮಾತ್ರ ನನ್ನಂಗೇ ಇತ್ತು."

ಓದಿದ್ದು ಮುಗಿಯಿತೇ ಅಂತ ನನ್ನ ಮುಖ ನೋಡಿ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ.

"ಒಂದೊಂದೇ ಸಲ ಕೂಗ್ಬ್ಯಾಡ. ಜನ ಹೆದರ್ಕೊತಾರೆ."

ಡಾಕ್ಟರು ಹೇಳಿದ ಎರಡು ತಿಂಗಳಿಗೆ ಮಾದಣ್ಣನಿಗೆ ದನಿ ಬಂತು, ಸ್ವಲ್ಪ ಬಿರುಕು ಬಿಟ್ಟು. ಈಗ ಅವನೇ ಕೂಗುತ್ತಾನೆ, ಮೇಷ್ಟ್ರು ಮತ್ತೆ ಎಡದಿಂದ ಸುತ್ತುತ್ತಾರೆ, ಅದನ್ನು ನೋಡಿದರೆ ನನಗೆ ಜೀವ ಬಂದ ಹಾಗಾಗುತ್ತದೆ. ಆದರೆ ನಿಮಗೆ ಹೇಳಬೇಕಾದ್ದು ಆ ಶನಿವಾರದ ಸಂಜೆಯದು. ಹೋಗದಿರಲು ಮನಸ್ಸು ನೂರು ನೆಪ ಹುಡುಕಿತು. ಹೋದೆ. ಆರಕ್ಕೇ ಬಿದಿರಿನ ಹಿಂದೆ ಹೋದೆ. ನಾನು ದಿನಾ ನಿಲ್ಲುತ್ತಿದ್ದ ಜಾಗದಲ್ಲಿ ಹುಲ್ಲು ಒರಗಿತ್ತು, ಈಗಷ್ಟೇ ಯಾರೋ ಎದ್ದು ಹೋದ ಹಾಗೆ. ನನ್ನ ಕಾಲಿನದೇ ಗುರುತು ಇರಬಹುದು. ಆದರೂ ಅಲ್ಲಿ ನಿಲ್ಲಲಿಲ್ಲ. ಪಾರ್ಕಿನಲ್ಲಿ ಇನ್ನೊಬ್ಬರು ಕೂತ ಬೆಂಚಿನಲ್ಲಿ ಕೇಳದೆ ಕೂರುವುದು ಮರ್ಯಾದೆಯಲ್ಲವಲ್ಲ. ಒಂದು ಹೆಜ್ಜೆ ಸರಿದು, ಜಾಗ ಬಿಟ್ಟು ನಿಂತೆ.

ಆರೂಕಾಲಾಯಿತು. ಗೇಟಿನಲ್ಲಿ ಮಾದಣ್ಣ ಕೈ ಎತ್ತಿದ. ನಾನು ಅಂಗೈಯನ್ನು ಗಂಟಲಿನ ಮೇಲಿಟ್ಟುಕೊಂಡು ಕೂಗಿದೆ. ಕೈಗೆ ಗಂಟಲು ಅದುರಿದ್ದು ಗೊತ್ತಾಯಿತು. ಎರಡನೆಯದಕ್ಕೂ ಅದುರಿತು. ಮೂರನೆಯದಕ್ಕೂ. ಹಸಿರು ಸ್ವೆಟರು ಎದ್ದಿತು. ಹಾಗೇ ಕೈ ತೆಗೆಯದೆ ಎಲ್ಲರನ್ನೂ ಮೂರು ಮೂರು ಸಲ ಕೂಗಿ ಮುಗಿಸಿದೆ. ದಾರಿಗಳೆಲ್ಲ ಖಾಲಿಯಾದವು. ಆಮೇಲೆ ಪಕ್ಕದ ಆ ಒರಗಿದ ಹುಲ್ಲಿನ ಕಡೆಗೆ ತಿರುಗಿ, ನನ್ನ ಸ್ವಂತ ದನಿಯಲ್ಲಿ, ಮೆತ್ತಗೆ, "ಹೊತ್ತಾಯ್ತು" ಅಂದೆ.

ಮೂರು ಸಲ.